ಪರದೆಯ ಮೂಲೆಯಲ್ಲೊಂದು ಆಮೆ

ಹೋದ ತಿಂಗಳು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು.

“ಅಕ್ಕೋರೇ, ನಮ್ಮ ಆಯಿ ಹಾಡಿದ ಬೀಸೋ ಪದ ನಿಮ್ಮ ಪುಸ್ತಕದಾಗ ಅದ ಅಂತರಿ. ಬರೋ ತಿಂಗಳು ನನ್ನ ಲಗ್ನ. ಅರಿಶಿನ ಬೀಸೋ ದಿನ ಅದನ್ನ ಹಾಡಬೇಕಂತೀನಿ. ಆಯಿಗೆ ಈಗ ನೆನಪು ಕಡಿಮಿ ಆಗ್ಯಾದ. ಒಂದು ಪುಸ್ತಕ ಸಿಗ್ತದೇನ್ರಿ?”

ನನಗೆ ಗಂಟಲು ಕಟ್ಟಿತು. ಪುಸ್ತಕ ಎಲ್ಲಿಂದ ತರಲಿ? ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿ ತಿರುಗಿ, ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಿಂದ ಪದ ಬರೆದುಕೊಂಡಿದ್ದೆ. 2004ರಲ್ಲಿ ಅವನ್ನೆಲ್ಲ ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಇನ್ನೂರು ಪ್ರತಿ ಅಚ್ಚು ಹಾಕಿಸಿ ಹಂಚಿಬಿಟ್ಟೆ. ಮನೆಯಲ್ಲಿ ಉಳಿದಿದ್ದ ಒಂದೇ ಪ್ರತಿಯನ್ನು ಗೆದ್ದಲು ತಿಂದಿತ್ತು. ಇನ್ನು ಉಳಿದದ್ದು ಒಂದು ಸಿ.ಡಿ. ಅದನ್ನು ಹಾಕಿ ನೋಡಿದರೆ ಮನೆಯ ಕಂಪ್ಯೂಟರು ಕಡತವನ್ನು ತೆರೆಯಲೇ ಇಲ್ಲ.

ಯಾಕೆಂದು ಹೇಳುತ್ತೇನೆ. ಆಗ ನಮ್ಮ ಕಡೆಯ ಸಣ್ಣ ಮುದ್ರಣಾಲಯಗಳಲ್ಲಿ ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ. ಅಕ್ಷರ ನುಡಿಯವು. ನುಡಿ ಎಂದರೆ ಕನ್ನಡ ಗಣಕ ಪರಿಷತ್ತಿನವರು ಮಾಡಿದ ತಂತ್ರಾಂಶ. ಆ ಹಳೆಯ ಫಾಂಟುಗಳಲ್ಲಿ ಒಂದು ಗುಟ್ಟಿತ್ತು: ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ, ಮೇಲೆ ತೊಟ್ಟದ್ದು ಮಾತ್ರ ಕನ್ನಡದ ವೇಷ. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ, ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಈಗಿನ ಯೂನಿಕೋಡ್‌ನಲ್ಲಿ ‘ಕ’ ಎಂದರೆ ಎಲ್ಲ ಕಡೆಯೂ ‘ಕ’ನೇ. ನನ್ನ ಪದಗಳನ್ನು ಅಲ್ಲಿಗೆ ದಾಟಿಸಬೇಕಾದರೆ ಮೊದಲು ಪೇಜ್‌ಮೇಕರ್ ತೆರೆಯಬೇಕು. ನನ್ನ ಪೇಜ್‌ಮೇಕರ್ ಓಡುತ್ತಿದ್ದದ್ದು ವಿಂಡೋಸ್ ಎಕ್ಸ್‌ಪಿಯಲ್ಲಿ. ಅದು 2001ರದು, 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಅದರ ಆರೈಕೆಯನ್ನೇ ನಿಲ್ಲಿಸಿತು.

ಅಫಜಲಪುರದಲ್ಲಿರುವ ಮೊಮ್ಮಗನಿಗೆ ಫೋನ್ ಮಾಡಿದೆ. ಒಂಬತ್ತನೆಯ ತರಗತಿಯ ಹುಡುಗ. “ಹಳೇ ಕಂಪ್ಯೂಟರ್ ಹುಡುಕೋದು ಬ್ಯಾಡ ಆಯಿ. ನನ್ನ ಲ್ಯಾಪ್‌ಟಾಪಿನ ಹೊಟ್ಟ್ಯಾಗೇ ಒಂದು ಹಳೇ ಕಂಪ್ಯೂಟರ್ ಹುಟ್ಟಸ್ತೀನಿ, ನೀ ಸಿ.ಡಿ. ತಗೊಂಡು ಬಾ” ಅಂದ. ಎಕ್ಸ್‌ಪಿಯದು, ಪೇಜ್‌ಮೇಕರಿನದು, ನನ್ನದು, ಮೂರೂ ಸಿ.ಡಿ.ಗಳನ್ನು ಶೇಂಗಾ ಹೋಳಿಗೆಯ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು ಆಳಂದದಿಂದ ಬಸ್ಸು ಹತ್ತಿದೆ.

ಹೊಟ್ಟೆಯೊಳಗಿನ ಕಂಪ್ಯೂಟರಿಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಮೊಮ್ಮಗ ಬಳಸಿದ್ದು ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ. ಅದು ಎಕ್ಸ್‌ಪಿಗೆ ಒಂದು ಸುಳ್ಳು ಡಿಸ್ಕು, ಸುಳ್ಳು ಪರದೆ, ಒಂದಿಷ್ಟು ಮೆಮೊರಿ ತೋರಿಸಿ, ‘ಇದೇ ನಿನ್ನ ಯಂತ್ರ’ ಎಂದು ನಂಬಿಸುತ್ತದೆ. ಎಕ್ಸ್‌ಪಿ ತನ್ನ ಡಿಸ್ಕು ಎಂದುಕೊಂಡದ್ದು ಲ್ಯಾಪ್‌ಟಾಪಿನಲ್ಲಿರುವ ಒಂದು ದೊಡ್ಡ ಕಡತ, ಅಷ್ಟೇ. ಈ ಉಪಾಯ ಹೊಸದೇನಲ್ಲ. 1960ರ ದಶಕದಲ್ಲೇ ಅಮೆರಿಕದ ಐಬಿಎಂ ಕಂಪನಿಯವರು ಕೋಣೆಯಷ್ಟು ದೊಡ್ಡ ಒಂದು ಯಂತ್ರವನ್ನು ಹಲವು ಜನರಿಗೆ ಹೀಗೆ ಹಂಚಿದ್ದರು. ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಅನ್ನಿಸುತ್ತಿತ್ತು.

ಎಕ್ಸ್‌ಪಿ ಬಂತು, ನಿಜ. ಆದರೆ ಏನು ನಿಧಾನ ಅಂತೀರಿ! ಗುಂಡಿ ಒತ್ತಿ ಒಳಗೆ ಹೋಗಿ ಚಹಾ ಕುದಿಸಿ, ಸೋಸಿ, ಕುಡಿದು, ಬಟ್ಟಲು ತೊಳೆದಿಟ್ಟು ಬಂದರೂ ಇನ್ನೂ ಏಳುತ್ತಲೇ ಇತ್ತು. ಪೇಜ್‌ಮೇಕರ್ ತೆರೆದರೆ ಅರ್ಧಕ್ಕೇ ಹೆಪ್ಪುಗಟ್ಟಿ ನಿಂತಿತು. ಮೂರು ಸಲ ಹೀಗೇ ಆಯಿತು. ಮೊಮ್ಮಗನ ಮುಖ ಸಣ್ಣದಾಯಿತು. ಲ್ಯಾಪ್‌ಟಾಪ್ ಹಳೆಯದು, ಅವನ ಅಪ್ಪ ಬಳಸಿ ಬಿಟ್ಟದ್ದು, 4 ಜಿಬಿ ರ‍್ಯಾಮ್.

“ಇದಕ್ಕ ಎಷ್ಟು ಮೆಮೊರಿ ಕೊಟ್ಟೀಯೋ ತಮ್ಮಾ?”

“3 ಜಿಬಿ ಕೊಟ್ಟೀನಿ ಆಯಿ. ಹೆಚ್ಚು ಕೊಟ್ರ ಜೋರು ಓಡ್ತದಲ್ಲ!”

ನನಗೆ ನಗು ಬಂತು. 2004ರಲ್ಲಿ ನನ್ನ ಮೇಜಿನ ಮೇಲೆ ಇದೇ ಎಕ್ಸ್‌ಪಿ, ಇದೇ ಪೇಜ್‌ಮೇಕರ್ 256 ಎಂಬಿಯಲ್ಲಿ ಓಡುತ್ತಿದ್ದವು. ಒಂದು ಜಿಬಿಯ ಕಾಲು ಭಾಗ! ನನಗೆ ಗೊತ್ತಿದ್ದ ಈ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಹುಟ್ಟಿರಲೇ ಇಲ್ಲವಲ್ಲ.

ಬೀಗರು ಬಂದಾರೆಂದು ಇಡೀ ಮನೆ ಅವರಿಗೇ ಬಿಟ್ಟುಕೊಟ್ಟು, ಅಡುಗೆ ಮಾಡುವವಳಿಗೆ ಒಲೆಯ ಮುಂದೆ ಕೂಡಲೂ ಜಾಗ ಇಲ್ಲದಂತೆ ಮಾಡಿದರೆ ಏನಾಗುತ್ತದೆ? ಬೀಗರೇ ಹಸಿದು ಕೂಡಬೇಕಾಗುತ್ತದೆ. ಇಲ್ಲಿ ಆದದ್ದೂ ಅದೇ. ಎಕ್ಸ್‌ಪಿ ಬೀಗ, ಲ್ಯಾಪ್‌ಟಾಪಿನ ವಿಂಡೋಸ್ 10 ಮನೆಯಾಕೆ. ಉಳಿದ 1 ಜಿಬಿಯಲ್ಲಿ ಮನೆಯಾಕೆಗೆ ಕೈಕಾಲು ಆಡದೆ, ಸಾಮಾನನ್ನೆಲ್ಲ ಮೆಮೊರಿಯಿಂದ ಎತ್ತಿ ಹಾರ್ಡ್ ಡಿಸ್ಕಿಗೆ ಸಾಗಿಸುವುದು, ಬೇಕಾದಾಗ ಮತ್ತೆ ತರುವುದು ನಡೆದಿತ್ತು. ಹಿಂದೆ ನಮ್ಮ ವಾಡೆಯ ಮುಂದೆ ಜೋಳ ತುಂಬಿಡುವ ಹಗೇವು ಇತ್ತು. ದಿನದ ಜೋಳ ಅಡುಗೆಮನೆಯ ಗಡಿಗೆಯಲ್ಲಿರಬೇಕು. ಒಂದೊಂದು ರೊಟ್ಟಿಗೂ ಹಗೇವಿನ ಬಾಯಿ ತೆಗೆದು ಇಳಿದರೆ ರೊಟ್ಟಿ ಸುಡುವುದು ಯಾವಾಗ? ಮೆಮೊರಿ ಗಡಿಗೆ, ಹಾರ್ಡ್ ಡಿಸ್ಕು ಹಗೇವು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕಿನ ಮುಂದೆ 100 ಎಂದೇ ಇತ್ತು.

ಎಕ್ಸ್‌ಪಿಗೆ 512 ಎಂಬಿ ಸಾಕೆಂದೆ. ಪ್ರೊಸೆಸರಿನ ಎರಡು ಕೋರುಗಳಲ್ಲಿ ಅವನು ಎರಡನ್ನೂ ಕೊಟ್ಟಿದ್ದ, ಒಂದಕ್ಕೆ ಇಳಿಸಿದ. ಬ್ರೌಸರ್ ಮುಚ್ಚಿದ. ಡಿಸ್ಕು ತಣ್ಣಗಾಯಿತು. ಎಕ್ಸ್‌ಪಿ ಸುಮಾರಾಗಿ ಬೇಗ ಎದ್ದಿತು. ಆದರೂ ಒಂದು ಪುಟ ತಿರುಗಿಸಿದರೆ ಎಮ್ಮೆ ಎದ್ದಹಾಗೆ ಏಳುತ್ತಿತ್ತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಆ ಆಮೆ. ವರ್ಚುವಲ್‌ಬಾಕ್ಸಿನ ಕಿಟಕಿಯ ಕೆಳಗೆ, ಬಲ ಮೂಲೆಯಲ್ಲಿ, ಹಸಿರು ಬಣ್ಣದ ಸಣ್ಣ ಚಿತ್ರ.

“ಇದೇನೋ?”

“ಚಂದ ಕಾಣ್ಲಿ ಅಂತ ಹಾಕ್ಯಾರ ಆಯಿ.”

ಚಂದಕ್ಕಲ್ಲ! ಹುಡುಕಿ ಓದಿದರೆ ಅದು ಎಚ್ಚರಿಕೆಯ ಗುರುತು. ಇಂಟೆಲ್, ಎಎಂಡಿ ಕಂಪನಿಗಳು 2005-06ರಿಂದ ಪ್ರೊಸೆಸರಿನಲ್ಲೇ ಇಂಥ ಅತಿಥಿಗಳಿಗಾಗಿ ಒಂದು ವಿಶೇಷ ಬಾಗಿಲು ಇಡತೊಡಗಿದವು. ಆ ಬಾಗಿಲಲ್ಲಿ ವಿಂಡೋಸಿನದೇ ಆದ ಹೈಪರ್-ವಿ ಎಂಬ ವ್ಯವಸ್ಥೆ ಮೊದಲೇ ಕೂತಿದ್ದರೆ ವರ್ಚುವಲ್‌ಬಾಕ್ಸ್ ಅದರ ಮೂಲಕ ಹಾಯ್ದು ಹೋಗಬೇಕು, ನಡಿಗೆ ಕುಂಠಿತವಾಗುತ್ತದೆ. ಅದಕ್ಕೇ ಆಮೆ. ಮೊಮ್ಮಗ ದಸರಾ ರಜೆಯಲ್ಲಿ ಲಿನಕ್ಸ್ ಕಲಿಯಲೆಂದು ವಿಂಡೋಸಿನ ಪಟ್ಟಿಯಲ್ಲಿ ಏನೋ ಒಂದಕ್ಕೆ ಗುರುತು ಹಾಕಿ ಮರೆತಿದ್ದನಂತೆ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಎಂಬುದರ ಗುರುತು ತೆಗೆದು, ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿದ. ಆಮೆ ಮಾಯ! ಪುಟಗಳು ಸರಸರ ತಿರುಗಿದವು. ಹುಡುಗ ಕುಣಿದ. ಮಕ್ಕಳೇ, ಕೆಲವು ಕಂಪ್ಯೂಟರುಗಳಲ್ಲಿ ಆ ಬಾಗಿಲು ಬಯೋಸ್‌ನಲ್ಲೇ ಮುಚ್ಚಿರುತ್ತದೆ. ಅಲ್ಲಿ ಕೈಯಾಡಿಸುವ ಮುಂಚೆ ತಿಳಿದವರನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ.

ಆದರೆ ಅರ್ಧ ತಾಸಿಗೆ ಮತ್ತೆ ನಿಧಾನ. ಈ ಸಲ ಆಮೆಯೂ ಇಲ್ಲ. ಲ್ಯಾಪ್‌ಟಾಪಿನ ತಳ ಮುಟ್ಟಿದರೆ ಕಾದ ಹಂಚು, ಫ್ಯಾನು ಗೋಳಾಡುತ್ತಿತ್ತು. ಪ್ರೊಸೆಸರ್ ಅತಿಯಾಗಿ ಕಾದರೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂಗಡಿಗೆ ಒಯ್ದು ಬಿಚ್ಚಿಸಿದೆವು. ಒಳಗಿನಿಂದ ಬಂದದ್ದು ಎರಡು ವರ್ಷದ ತೊಗರಿ ರಾಶಿಯ ಧೂಳು! ಮನೆ ಹೊಲಕ್ಕೆ ಹತ್ತಿ, ಹುಡುಗ ರಾಶಿಯ ದಿನವೂ ಅಂಗಳದಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂಡುವವ. ಅಂಗಡಿಯವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿರೆಂದ. ಹಳೆಯ ಯಂತ್ರಕ್ಕೆ ದುಡ್ಡು ಹಾಕುವುದಾದರೆ ಮೊದಲು ಅದಕ್ಕೇ ಹಾಕಬೇಕು, ಒಪ್ಪುತ್ತೇನೆ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಹಗೇವಿಗೆ ಇಳಿಯುವ ಕಷ್ಟವಿಲ್ಲ. ಆದರೆ ನಮ್ಮ ಕೆಲಸ ಅದಿಲ್ಲದೆಯೂ ಆಯಿತು.

ಗೆಸ್ಟ್ ಅಡಿಷನ್ಸ್ ಎಂಬ ಸಣ್ಣ ಕೂಡಿಕೆಯನ್ನು ಎಕ್ಸ್‌ಪಿಯೊಳಗೆ ಹಾಕಿದ ಮೇಲೆ ಮೌಸ್ ನುಣ್ಣಗೆ ಓಡಿತು, ಎರಡೂ ಕಡೆಗೆ ಸೇರಿದ ಒಂದು ಫೋಲ್ಡರ್ ಸಿಕ್ಕಿತು. ಇಂಟರ್‌ನೆಟ್ ಮಾತ್ರ ಎಕ್ಸ್‌ಪಿಗೆ ಕೊಡಲಿಲ್ಲ. ಆರೈಕೆ ನಿಂತ ಮುದುಕನನ್ನು ಸಂತೆಗೆ ಕಳಿಸಬಾರದು.

ಮೂವತ್ತೊಂದನೆಯ ಪುಟ. ನುಡಿಯ ದುಂಡು ಅಕ್ಷರದಲ್ಲಿ ಆ ಆಯಿಯ ಹೆಸರು, ಊರು, ಕೆಳಗೆ ಪದ. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊಮ್ಮಗ ಪಠ್ಯವನ್ನು ಹೊರತೆಗೆದು ಯೂನಿಕೋಡಿಗೆ ಬದಲಿಸಿದ. ಒತ್ತಕ್ಷರ ಕೆಲವು ಕಡೆ ತಪ್ಪಿದ್ದವು, ಕೈಯಿಂದ ತಿದ್ದಿದೆವು. ಸಂಜೆ ಹುಡುಗಿಯ ವಾಟ್ಸಾಪಿಗೆ ಕಳಿಸಿದೆ.

ರಾತ್ರಿ ಅವಳ ಫೋನ್. ಸ್ಪೀಕರಿನಲ್ಲಿಟ್ಟು ಆಯಿಗೆ ಓದಿ ಕೇಳಿಸುತ್ತಿದ್ದಳು. ನಾಲ್ಕನೆಯ ಸಾಲಿಗೆ ಬಂದಾಗ ಹಿಂದಿನಿಂದ ಒಂದು ಒಡಕು ದನಿ: “ಅಲ್ಲವ್ವ, ಅಲ್ಲಿ ‘ಅಣ್ಣ’ ಅಲ್ಲ, ‘ತಮ್ಮ’. ಯಾರು ಬರದಾರ ಅದನ್ನ?”

ಬರೆದವಳು ನಾನೇ. ಇಪ್ಪತ್ತು ವರ್ಷಕ್ಕೂ ಹಿಂದಿನ ತಪ್ಪು. ಅಲ್ಲೇ ತಿದ್ದಿ, ಹುಡುಗಿಗೆ ಇನ್ನೊಮ್ಮೆ ಕಳಿಸಿದೆ. ಇನ್ನೂ ನಲವತ್ತು ಪದ ಹೊರತೆಗೆಯುವುದಿದೆ, ಮೊಮ್ಮಗನ ಪರೀಕ್ಷೆ ಮುಗಿಯಲಿ.