ಹೊಲಿಗೆ ಬಿಚ್ಚಿದ ಬಳಿಕ

ಶಸ್ತ್ರಕ್ರಿಯೆಯಾದವರನ್ನು ನೋಡಹೋದಾಗ ನಾವು ಕೇಳುವ ಮೊದಲ ಪ್ರಶ್ನೆ, "ಹೊಲಿಗೆ ಬಿಚ್ಚಿದರೇ?" ಎಂಬುದು. ಬಿಚ್ಚಿದರೆಂದು ತಿಳಿದೊಡನೆ ಎಲ್ಲವೂ ಮುಗಿಯಿತೆಂದು ಸಮಾಧಾನಪಟ್ಟು, ಕಾಫಿ ಕುಡಿದು ಮರಳುತ್ತೇವೆ. ಹೊಲಿಗೆ ಬಿಚ್ಚಿದ ಮೇಲೂ ತಿಂಗಳುಗಟ್ಟಲೆ ಎಚ್ಚರ ಬೇಕೆಂಬುದನ್ನು ನನಗೆ ಕಲಿಸಿದವಳು ನನ್ನ ತಂಗಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೂರು ಹೆರಿಗೆಗಳ ಬಳಿಕ ಅವಳ ಹೊಟ್ಟೆಯ ನಡುವಣ ಸ್ನಾಯುಗಳು ಎರಡು ಬದಿಗೆ ಸರಿದು ಚರ್ಮ ಜೋತುಬಿದ್ದಿತ್ತು. ಮಡಿಕೆಯಲ್ಲಿ ಬೆವರು ನಿಂತು ಮಳೆಗಾಲವಿಡೀ ಹುಣ್ಣು. ಬಗ್ಗಿ ಅಡಿಕೆ ಹೆಕ್ಕಿದರೆ ಸೊಂಟನೋವು. ಕೊನೆಗೆ ನಗರದ ಆಸ್ಪತ್ರೆಯೊಂದರಲ್ಲಿ ಹೆಚ್ಚಿನ ಚರ್ಮ, ಕೊಬ್ಬುಗಳನ್ನು ತೆಗೆದು, ಸ್ನಾಯುಗಳನ್ನು ಬಿಗಿದು ಹೊಲಿದರು. 'ಟಮ್ಮಿ ಟಕ್' ಎಂಬುದು ಇದರ ರೂಢಿಯ ಹೆಸರು. ಹೆಸರು ಹಗುರ, ಕೆಲಸ ಹಗುರವಲ್ಲ. ಕೆಳಹೊಟ್ಟೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಕೊಯ್ದು, ಚರ್ಮವನ್ನು ಮೇಲಕ್ಕೆ ಬಿಡಿಸಿ, ಮತ್ತೆ ಕೆಳಗೆಳೆದು ಹೊಲಿದು, ಹೊಕ್ಕುಳನ್ನು ಹೊಸ ಸ್ಥಾನದಲ್ಲಿ ಕೂಡಿಸುತ್ತಾರೆ. ಅಮೆರಿಕದ ಬಾಲ್ಟಿಮೋರಿನ ಹಾವರ್ಡ್ ಕೆಲ್ಲಿ ಎಂಬ ವೈದ್ಯರು ಜೋತ ಹೊಟ್ಟೆಯ ಕೊಬ್ಬನ್ನು ಹೀಗೆ ಕೊಯ್ದು ತೆಗೆದುದನ್ನು 1899ರಲ್ಲಿಯೇ ವರದಿ ಮಾಡಿದ್ದರು. ಆದುದರಿಂದ ಇದನ್ನು ನಿನ್ನೆ ಮೊನ್ನೆಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ.

ಆದರೆ ನಾವು ತಳ್ಳಿಹಾಕಿದೆವು. "ಮೂರು ಹೆತ್ತವಳಿಗೆ ಈ ಪ್ರಾಯದಲ್ಲಿ ಚಂದ ಯಾಕೆ?" ಎಂದರು ಅವಳ ಅತ್ತೆ. "ಸುಮ್ಮನಿದ್ದ ಹೊಟ್ಟೆಗೆ ಕತ್ತಿ ಹಾಕಿಸಿಕೊಂಡೆಯಲ್ಲ" ಎಂದವನು ನಾನೇ. ಆ ಮಾತಿನ ಫಲ ತಿಂಗಳೊಳಗೆ ಕಂಡಿತು. ನೀರು ಹೊರಹೋಗಲೆಂದು ಇಟ್ಟಿದ್ದ ನಳಿಗೆಯನ್ನು ತೆಗೆದ ಕೆಲವು ದಿನಗಳಲ್ಲಿ ಅವಳ ಕೆಳಹೊಟ್ಟೆ ಮತ್ತೆ ಉಬ್ಬತೊಡಗಿತು; ಮಗ್ಗುಲು ಬದಲಿಸಿದರೆ ಒಳಗೆ ನೀರು ತುಳುಕಿದಂತೆ. ಅವಳು ಯಾರೊಡನೆಯೂ ಹೇಳಲಿಲ್ಲ. ರಾತ್ರಿ ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲಿಟ್ಟು ಮಲಗಿದಳು. ಆ ಚರ್ಮಕ್ಕೆ ಸ್ಪರ್ಶಜ್ಞಾನವಿಲ್ಲದ್ದರಿಂದ ಸುಡುತ್ತಿರುವುದು ತಿಳಿಯಲಿಲ್ಲ. ಬೆಳಗ್ಗೆ ನೋಡಿದರೆ ಗುಳ್ಳೆಗಳೆದ್ದಿದ್ದವು. "ಅಣ್ಣಾ, ಹೇಳಿದರೆ ನೀನೂ ಬಯ್ಯುತ್ತಿ ಎಂದು ಸುಮ್ಮನಿದ್ದೆ" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ವೈದ್ಯರು ಬಯ್ಯಲಿಲ್ಲ, ವಿವರಿಸಿದರು. ಬಿಡಿಸಿದ ಚರ್ಮಕ್ಕೂ ಸ್ನಾಯುವಿಗೂ ನಡುವಣ ತೆರಪಿನಲ್ಲಿ ತಿಳಿನೀರು ತುಂಬುವುದು ಈ ಶಸ್ತ್ರಕ್ರಿಯೆಯ ಬಹು ಸಾಮಾನ್ಯವಾದ ತೊಡಕು. ಅದಕ್ಕೆ ಸೆರೋಮಾ ಎಂದು ಹೆಸರು. ಸ್ವಲ್ಪವಾದರೆ ಶರೀರವೇ ಹೀರಿಕೊಳ್ಳುತ್ತದೆ. ಹೆಚ್ಚಾದರೆ ಸೂಜಿಯಿಂದ ಸೆಳೆಯಬೇಕು, ಕೆಲವೊಮ್ಮೆ ಹಲವು ಬಾರಿ. ಬಹುಕಾಲ ಹಾಗೆಯೇ ಬಿಟ್ಟರೆ ನೀರಿನ ಸುತ್ತ ಗಟ್ಟಿ ಪೊರೆ ಬೆಳೆದು ಪುನಃ ಕೊಯ್ಯಬೇಕಾದೀತು. ತಂಗಿಗೆ ನಾಲ್ಕು ಬಾರಿ ಸೆಳೆದರು. ಸುಟ್ಟ ಗಾಯ ಮಾಯಲು ಮತ್ತೂ ಹೆಚ್ಚು ದಿನ ಹಿಡಿಯಿತು.

ಕೊಯ್ಯುವಾಗ ಚರ್ಮದ ಸಣ್ಣ ನರಗಳು ತುಂಡಾಗುವುದರಿಂದ ಹೊಕ್ಕುಳ ಕೆಳಗೆ ಮರಗಟ್ಟಿದಂತಾಗುತ್ತದೆ. ಸ್ಪರ್ಶ ತಿಂಗಳುಗಳಲ್ಲಿ ಮೆಲ್ಲಮೆಲ್ಲನೆ ಮರಳುತ್ತದೆ. ಕೆಲವರಿಗೆ ಪೂರ್ಣ ಮರಳುವುದೇ ಇಲ್ಲ. ಅಲ್ಲಿಗೆ ಬಿಸಿ ಶಾಖವೂ ಕೂಡದು, ಮಂಜುಗಡ್ಡೆಯೂ ಕೂಡದು. ನಮ್ಮ ಮನೆಗಳ ಹಿರಿಯರು ಬಾಣಂತಿಗೆ ಮಾಡುವಂತೆ ಕುದಿನೀರೆರೆಯಲು ಹೊರಡುವುದುಂಟು. ಪ್ರೀತಿಯಿಂದಲೇ ಆದರೂ ಅದನ್ನು ತಡೆಯಬೇಕು. ಬಾಣಂತಿಯ ಹೊಟ್ಟೆಕಟ್ಟನ್ನು ಹೋಲುವ ಒತ್ತುಪಟ್ಟಿಯನ್ನು ಮಾತ್ರ ವೈದ್ಯರು ಹೇಳಿದಷ್ಟು ದಿನ ಧರಿಸಬೇಕು. ಕೊಡಪಾನ ಹೊರುವುದನ್ನು ಆರು ವಾರಗಳಾದರೂ ಬಿಡಬೇಕು. ಗಾಯದ ಗೆರೆ ಕೆಲವು ತಿಂಗಳು ಕೆಂಪಾಗಿ ಉಬ್ಬಿರುತ್ತದೆ. ಮಾಸಲು ವರ್ಷವೇ ಬೇಕು. ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಉಬ್ಬು ಗೆರೆಯನ್ನು ಮೀರಿ ಬೆಳೆಯುತ್ತ ಹೋದರೆ ತೋರಿಸಬೇಕು.

ತಡಮಾಡಬಾರದ ಲಕ್ಷಣಗಳು ಬೇರೆ. ಜ್ವರ, ಗಾಯದ ಸುತ್ತ ಹರಡುವ ಕೆಂಪು, ದುರ್ಗಂಧದ ಕೀವು, ಕಪ್ಪಾಗುವ ಅಂಚು, ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಒಂದೇ ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು, ಇವು ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಬಹುದು. ಆಗ ಗಳಿಗೆಯೂ ಕಾಯಬಾರದು. ಬೀಡಿ, ಸಿಗರೇಟು ಸೇದುವವರಿಗೂ ಸಕ್ಕರೆಕಾಯಿಲೆಯವರಿಗೂ ಗಾಯ ಕೂಡುವುದು ನಿಧಾನ. ಅವರಿಗೆ ಎಚ್ಚರ ಇಮ್ಮಡಿ ಬೇಕು.

ಇವುಗಳಲ್ಲಿ ಹೆಚ್ಚಿನವು ಆಸ್ಪತ್ರೆಯವರು ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದಲ್ಲಿಯೇ ಇದ್ದವು. ಆದರೆ ಅದು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಇತ್ತು. ತಂಗಿ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತನಾಡಬಲ್ಲಳು, ಓದಲಾರಳು. ಕಾಸರಗೋಡಿನ ಎಷ್ಟೋ ಕನ್ನಡ ಮನೆಗಳ ಸ್ಥಿತಿ ಇದೇ. ಓದಬಲ್ಲ ನಾನು ಅದನ್ನು ಮಡಚಿ ಕಪಾಟಿನಲ್ಲಿಟ್ಟಿದ್ದೆ. ಗುಳ್ಳೆಗಳೆದ್ದ ಮೇಲೆ ಕುಳಿತು, ದೊಡ್ಡ ಅಕ್ಷರಗಳಲ್ಲಿ ಕನ್ನಡಕ್ಕಿಳಿಸಿ ಅವಳ ಕೋಣೆಯ ಬಾಗಿಲಿಗೆ ಅಂಟಿಸಿದೆ. ಅರ್ಧ ಗಂಟೆಯ ಕೆಲಸ. ಮೊದಲೇ ಮಾಡಬಹುದಿತ್ತು.

ಈಗ ಅವಳು ಸುಖವಾಗಿದ್ದಾಳೆ. ಹೊಕ್ಕುಳ ಕೆಳಗೆ ಅಂಗೈಯಗಲ ಜಾಗದಲ್ಲಿ ಇಂದಿಗೂ ಸ್ಪರ್ಶವಿಲ್ಲ. ಶಸ್ತ್ರಕ್ರಿಯೆ ಬೇಕೇ ಬೇಡವೇ ಎಂಬ ಚರ್ಚೆಯನ್ನು ಮೊದಲೇ ಮಾಡೋಣ. ಆದ ಬಳಿಕ ಆ ಮಾತು ಸಾಕು. ಇನ್ನು ನೋಡಹೋದಾಗ "ಹೊಲಿಗೆ ಬಿಚ್ಚಿದರೇ?" ಎಂದಷ್ಟೇ ಕೇಳದೆ, "ಪುನಃ ತೋರಿಸಲು ಯಾವತ್ತು ಹೋಗಬೇಕು? ನಾನು ಜತೆಗೆ ಬರಲೇ?" ಎಂದೂ ಕೇಳೋಣ.