ಹಾರ್ಡ್‌ಟೇಲ್ ಬಾಬರ್: ಕಟರ್ ಎತ್ತೋ ಮೊದಲು ಇಷ್ಟು ಓದಿ

(1/4)
ಹಳೆ ಬುಲೆಟ್‌ನ ಎರಡೂ ಹಿಂದಿನ ಶಾಕ್ ಕಿತ್ತು, ಸ್ವಿಂಗ್‌ಆರ್ಮ್ ಬಿಚ್ಚಿ, ಆ ಜಾಗಕ್ಕೆ ಪೈಪಿನ ತ್ರಿಕೋನ ವೆಲ್ಡ್ ಮಾಡಿಸಿ ‘ಹಾರ್ಡ್‌ಟೇಲ್ ಬಾಬರ್’ ಮಾಡ್ಬೇಕು ಅಂತ ನಿಮ್ಮಲ್ಲಿ ಸುಮಾರು ಜನರಿಗೆ ಆಸೆ ಇದೆ. ಆಸೆ ತಪ್ಪಲ್ಲ ಮಾರಾಯ್ರೆ. ಟ್ಯಾಂಕ್ ಕೆಳಗಿಂದ ಹಿಂದಿನ ಆಕ್ಸಲ್ ತನಕ ಒಂದೇ ಇಳಿಜಾರು ಗೆರೆ, ಒಂಟಿ ಸೀಟು, ದಪ್ಪ ಟೈರು. ಚಂದ ಇರೋದಂತೂ ಹೌದು.

ಆದ್ರೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗೆ ಹಾರ್ಡ್‌ಟೇಲ್ ಬೇಡ. ಲುಕ್ ಬೇಕಾ? ಫ್ರೇಮ್ ಕತ್ತರಿಸದೇ ಮಾಡಿ. ಎಂತಕ್ಕೆ ಅಂತ ಮುಂದೆ ಓದಿ.

(2/4)
“ಒರಿಜಿನಲ್ ಬಾಬರ್ ಅಂದ್ರೆ ಹಾರ್ಡ್‌ಟೇಲೇ” ಅಂತ ವಾದ ಮಾಡೋರು ಇದ್ದಾರೆ. ಸ್ವಲ್ಪ ಇತಿಹಾಸ ನೋಡುವ.

ಬಾಬರ್ ಹುಟ್ಟಿದ್ದು 1930–40ರ ದಶಕದ ಅಮೆರಿಕದಲ್ಲಿ. ಮಡ್‌ಗಾರ್ಡ್ ಗಿಡ್ಡ ಮಾಡಿ, ಬೇಡದ್ದನ್ನೆಲ್ಲ ಕಿತ್ತು, ಬೈಕ್ ಹಗುರ ಮಾಡ್ತಿದ್ರು. ಗಮನಿಸಿ: ಅವರು ಶಾಕ್ ಕಿತ್ತು ಹಾರ್ಡ್‌ಟೇಲ್ ಮಾಡಿದ್ದಲ್ಲ. ಆಗಿನ ಹಾರ್ಲೆಗಳು ಕಂಪನಿಯಿಂದಲೇ ಹಿಂದೆ ಶಾಕ್ ಇಲ್ಲದೇ ಬರ್ತಿದ್ದವು. ಹಾರ್ಲೆಯ ದೊಡ್ಡ ಬೈಕಿಗೆ ಹಿಂದಿನ ಶಾಕ್ ಬಂದಿದ್ದು 1958ರಲ್ಲಿ, ಡುಯೋ-ಗ್ಲೈಡ್‌ನಲ್ಲಿ. ಬುಲೆಟ್ ಅದಕ್ಕಿಂತ ಮುಂದೆ: 1949ರಲ್ಲೇ ಸ್ವಿಂಗ್‌ಆರ್ಮ್ ಇಟ್ಕೊಂಡು ಮಾರುಕಟ್ಟೆಗೆ ಬಂತು. ಅಂದ್ರೆ ಬುಲೆಟ್‌ನ ಹೆಚ್ಚುಗಾರಿಕೆ ಯಾವುದೋ ಅದನ್ನೇ ನಾವು ಕತ್ತರಿಸಿ ಗುಜರಿಗೆ ಹಾಕ್ಲಿಕ್ಕೆ ಹೊರಟಿದ್ದೇವೆ.

ಆಮೇಲೆ ಎಂತ ಆಯ್ತು? 1984ರಲ್ಲಿ ಹಾರ್ಲೆ ‘ಸಾಫ್ಟೇಲ್’ ತಂತು. ನೋಡ್ಲಿಕ್ಕೆ ಹಾರ್ಡ್‌ಟೇಲ್, ಆದ್ರೆ ಶಾಕ್ ಕಣ್ಣಿಗೆ ಕಾಣದ ಹಾಗೆ ಬೈಕಿನ ಕೆಳಗೆ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ತನಕ ನಡೀತು. ಅದೇ ಜಾವಾ ಹೆಸರು 2018ರಲ್ಲಿ ವಾಪಸ್ ಬಂದಾಗ ತೋರಿಸಿದ ‘ಪೆರಾಕ್’ ಬಾಬರ್‌ನಲ್ಲೂ ಮೋನೋಶಾಕ್ ಸೀಟಿನ ಕೆಳಗೆ ಅಡಗಿದೆ. 2024ರ ಗೋವನ್ ಕ್ಲಾಸಿಕ್ 350ರಲ್ಲಿ ಸೀಟು ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತೆ, ಶಾಕ್ ಬಿಟ್ಟಿಲ್ಲ. ದೊಡ್ಡ ದೊಡ್ಡ ಕಂಪನಿಗಳೇ ಲುಕ್ ಇಟ್ಕೊಂಡು ಶಾಕ್ ಉಳಿಸ್ಕೊಂಡಿವೆ. ನಮಗೆಂತ ಹಟ?

(3/4)
ಈಗ ಫ್ರೇಮ್ ವಿಷಯ. ಮುಖ್ಯ ಇರೋದು ಇಲ್ಲೇ.

ಹೊಂಡಕ್ಕೆ ಚಕ್ರ ಬಿದ್ದಾಗ ಶಾಕ್ ಆ ಪೆಟ್ಟನ್ನು ನಿಧಾನ ಮಾಡಿ ನುಂಗುತ್ತೆ. ಶಾಕ್ ಇಲ್ಲ ಅಂದ್ರೆ ಪೆಟ್ಟು ಆಕ್ಸಲ್‌ನಿಂದ ಸೀದಾ ವೆಲ್ಡ್ ಜಾಯಿಂಟಿಗೆ. “ಸೀಟಿಗೆ ಸ್ಪ್ರಿಂಗ್ ಹಾಕಿದ್ದೇನೆ” ಅಂದ್ರೆ ಆಗ್ಲಿಲ್ಲ. ಸೀಟಿನ ಸ್ಪ್ರಿಂಗ್ ನಿಮ್ಮ ಬೆನ್ನನ್ನು ಕಾಯುತ್ತೆ, ಫ್ರೇಮನ್ನಲ್ಲ.

ಕಬ್ಬಿಣ ಒಂದೇ ಪೆಟ್ಟಿಗೆ ಮುರಿಯೋದು ಕಡಿಮೆ. ಸಾವಿರ ಸಣ್ಣ ಪೆಟ್ಟಿಗೆ ವೆಲ್ಡ್‌ನ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ, ಪೇಂಟ್ ಕೆಳಗೆ ಕಾಣೋದಿಲ್ಲ. ಒಂದು ದಿನ ದೇವಿಮನೆ ಘಟ್ಟದ ತಿರುವಲ್ಲೋ ಅರಬೈಲ್ ಇಳಿಜಾರಲ್ಲೋ, ಹಿಂದೆ ಲಾರಿ ಇರೋವಾಗ ಕೈಕೊಡುತ್ತೆ. ತೋಟಕ್ಕೆ ಹೋಗೋ ಮಣ್ಣು ರಸ್ತೆ ಕಥೆ ನಿಮಗೇ ಗೊತ್ತು.

ಆದ್ರೂ ಪ್ರದರ್ಶನಕ್ಕೋ ಖಾಸಗಿ ಜಾಗಕ್ಕೋ ಕಟ್ಟಿಸ್ತೀರಿ ಅಂದ್ರೆ, ವೆಲ್ಡರ್ ಹತ್ರ ಈ ಐದು ಪ್ರಶ್ನೆ ಕೇಳಿ:

• ಪೈಪ್ ಯಾವುದು? ನೀರಿನ ಜಿಐ ಪೈಪ್ ಅಂದ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ. ಅದರ ಸತು ಸುಟ್ಟ ಹೊಗೆ ಕೆಟ್ಟದ್ದು, ವೆಲ್ಡೂ ಗಟ್ಟಿ ಕೂರೋದಿಲ್ಲ.
• ಹಳೆ ಪೈಪಿಗೆ ಹೊಸ ಪೈಪ್ ಬರೀ ತುದಿಗೆ ತುದಿ ಇಟ್ಟು ಅಂಟಿಸ್ತೀರಾ, ಒಳಗೆ ಬಿಗಿಯಾದ ಸ್ಲಗ್ ಕೂರಿಸಿ ತೂತಿನ ಮೂಲಕವೂ ವೆಲ್ಡ್ ಮಾಡ್ತೀರಾ?
• ಜಿಗ್ ಇದೆಯಾ? ಕತ್ತರಿಸೋ ಮೊದಲೇ ಫ್ರೇಮನ್ನು ಜಿಗ್‌ನಲ್ಲಿ ಬಿಗೀಬೇಕು. ಇಲ್ಲಾಂದ್ರೆ ವೆಲ್ಡ್ ಶಾಖಕ್ಕೆ ಎಳೆದು, ಎರಡು ಚಕ್ರ ಒಂದೇ ಸಾಲಲ್ಲಿ ಇರೋದಿಲ್ಲ.
• ಟಿಗ್ ವೆಲ್ಡಾ, ರಾಡಾ? ರಾಡ್ ಆದ್ರೆ ಒಣಗಿದ್ದಾ? ನಮ್ಮ ಮಳೆಗಾಲದಲ್ಲಿ ತೇವ ಎಳೆದ ರಾಡಿನಲ್ಲಿ ವೆಲ್ಡ್ ಒಳಗೆ ಸಣ್ಣ ಸಣ್ಣ ತೂತು ಉಳಿಯುತ್ತೆ.
• ಚಂದ ಕಾಣ್ಲಿ ಅಂತ ವೆಲ್ಡ್ ಉಜ್ಜಿ ಸಪಾಟು ಮಾಡ್ತೀರಾ? ಮಾಡಿದ್ರೆ ಬಲ ಹೋಯ್ತು. ಪೇಂಟ್‌ಗಿಂತ ಮೊದಲು ಡೈ ಪೆನೆಟ್ರಂಟ್ ಟೆಸ್ಟ್ ಮಾಡಿಸಿ, ಬಿರುಕಿದ್ರೆ ಕೆಂಪು ಗೆರೆ ಕಾಣುತ್ತೆ.

ಗೇಟು, ಗ್ರಿಲ್ ಚೆನ್ನಾಗಿ ಮಾಡೋರಿಗೆ ಪೂರ್ತಿ ಮರ್ಯಾದೆ ಇದೆ. ಆದ್ರೆ ಗೇಟ್ ಗಂಟೆಗೆ ಅರವತ್ತು ಕಿಲೋಮೀಟರ್ ಓಡೋದಿಲ್ಲ.

(4/4)
ಬಿಕಾಂ ಓದೋರಿಗೆ ಬೇಗ ಅರ್ಥ ಆಗೋ ಭಾಗ ಇದು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗೋ ಹಾಗೆ ವಾಹನ ಬದಲಾಯಿಸೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳ್ತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ.

ಇನ್ಶೂರೆನ್ಸ್ ಪಾಠದಲ್ಲಿ ‘ಅಟ್ಮೋಸ್ಟ್ ಗುಡ್ ಫೇತ್’ ಅಂತ ಬಾಯಿಪಾಠ ಮಾಡ್ತೇವಲ್ಲ? ಫ್ರೇಮ್ ಕತ್ತರಿಸಿದ್ದನ್ನು ಕಂಪನಿಗೆ ತಿಳಿಸದೇ ಇದ್ರೆ, ಕ್ಲೈಮ್ ತಳ್ಳಿಹಾಕ್ಲಿಕ್ಕೆ ನಾವೇ ಕಾರಣ ಕೊಟ್ಟ ಹಾಗೆ. ಆಸ್ಪತ್ರೆ ಬಿಲ್ಲು ಆಮೇಲೆ ಅಪ್ಪನ ಅಡಿಕೆ ದುಡ್ಡಿಂದ.

ಇನ್ನೊಂದು ಲೆಕ್ಕ: ನಮ್ಮ ಬಜೆಟ್‌ನಲ್ಲಿ ಮೊದಲು ಟೈರು, ಪೇಂಟು, ಎಕ್ಸಾಸ್ಟು. ಉಳಿದ ಚಿಲ್ಲರೆ ಫ್ರೇಮ್‌ಗೆ. ಪಟ್ಟಿ ತಲೆಕೆಳಗು ಮಾಡಿ, ಫ್ರೇಮ್ ಮೊದಲು ಬರೀರಿ.

ನನ್ನ ಸಲಹೆ ಇಷ್ಟೇ. ಫ್ರೇಮ್, ಸ್ವಿಂಗ್‌ಆರ್ಮ್, ಶಾಕ್ ಇದ್ದ ಹಾಗೇ ಇರ್ಲಿ. ಬೋಲ್ಟ್ ಬಿಚ್ಚಿದ್ರೆ ಹಳೆ ರೂಪಕ್ಕೆ ಬರುವಂಥ ಸೀಟು, ಹ್ಯಾಂಡಲ್ ಮಾತ್ರ ನೋಡಿ, ಅದನ್ನೂ ಶಿರಸಿ ಆರ್‌ಟಿಒದಲ್ಲಿ ಕೇಳಿಯೇ ಹಾಕಿ. ಹಿಂದಿನ ಮಡ್‌ಗಾರ್ಡ್ ಇರ್ಲಿ, ನಮ್ಮೂರ ಮಳೆಗೆ ಅದಿಲ್ಲದಿದ್ರೆ ಬೆನ್ನೆಲ್ಲ ಕೆಸರು.

ಈಗಾಗ್ಲೇ ಕತ್ತರಿಸಿದ ಬೈಕ್ ಓಡಿಸ್ತಿರೋ ದೋಸ್ತ ಯಾರಾದ್ರೂ ಇದ್ರೆ, ಈ ಪೋಸ್ಟ್ ಕಳ್ಸಿ. ಈ ವಾರವೇ ಜಾಯಿಂಟಿನ ಪೇಂಟ್ ಕೆರೆದು ನೋಡ್ಲಿಕ್ಕೆ ಹೇಳಿ. ನೀವು ಒಪ್ಪೋದಿಲ್ಲವಾ? ಕಾಮೆಂಟಲ್ಲಿ ಕಾರಣ ಬರೀರಿ, ಜಗಳ ಆಡುವ.

#ಶಿರಸಿ #ಸಿದ್ದಾಪುರ #ಯಲ್ಲಾಪುರ #ಕೆಎ31 #ಬಾಬರ್ #ಫ್ರೇಮ್‌ಮೊದಲು