ಮಸಿ, ಕಾಗದ ಮತ್ತು ಕ್ಷಾಮ

ಚಿತ್ರಕಲೆಯೆಂದೊಡನೆ ನಮ್ಮಲ್ಲಿ ಅನೇಕರ ಕಣ್ಮುಂದೆ ನಿಲ್ಲುವುದು ಚೌಕಟ್ಟು ಹಾಕಿದ ತೈಲಚಿತ್ರ. ಕಾಗದದ ಮೇಲೆ ಮಸಿಯಿಂದ ಬರೆದುದು ಬರಿಯ ಅಭ್ಯಾಸವೆಂಬ ಭಾವನೆ ಬಲವಾಗಿ ಬೇರೂರಿದೆ. ನಮ್ಮ ವಡಗಾವಿಯ ನೇಕಾರರ ಮನೆಗಳಲ್ಲಿಯೂ ಸೆರಗಿನ ವಿನ್ಯಾಸವನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆಯುತ್ತಾರೆ. ಸೀರೆ ಮಗ್ಗದಿಂದ ಇಳಿದ ಮೇಲೆ ಆ ಕಾಗದವನ್ನು ಕೇಳುವವರಿಲ್ಲ. ಆದರೆ ಕಾಗದವೇ ಕಡೆಯ ಕೃತಿಯಾಗಿ ನಿಂತ ಕಾಲವೊಂದಿತ್ತು. ಅದು ಎರಡನೆಯ ಮಹಾಯುದ್ಧದ ಬಂಗಾಳ.

1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದೆಂದು ಸರಕಾರವು ಕರಾವಳಿಯ ದೋಣಿಗಳನ್ನು ಕಸಿದುಕೊಂಡಿತು. ಧಾರಣೆ ಏರಿತು. 1943ರ ಕ್ಷಾಮದಲ್ಲಿ ಮಡಿದವರು ಸುಮಾರು 30 ಲಕ್ಷವೆಂದು ಅಂದಾಜು.

ಆಗ ಕಲಕತ್ತೆಯಲ್ಲಿದ್ದ ಜೈನುಲ್ ಆಬೆದಿನ್ ಎಂಬ ತರುಣ ಕಲಾವಿದನು ಸಾಮಾನು ಕಟ್ಟುವ ಅಗ್ಗದ ಒರಟು ಕಾಗದ, ಕುಂಚ, ಕರಿಮಸಿಗಳನ್ನು ಹಿಡಿದು ಬೀದಿಯ ಸಾವನ್ನು ಚಿತ್ರಿಸಿದನು. ಶಾಲೆಯಲ್ಲಿ ಕಲಿಸಿದ ನವುರಾದ ನೆರಳು-ಬೆಳಕು ಅಲ್ಲಿಲ್ಲ. ಒಣಕುಂಚದ ದಪ್ಪ ಗೆರೆಗಳು ಎಲುಬುಗಳಾಗಿವೆ. ಖಾಲಿ ಬಿಟ್ಟ ಕಾಗದವೇ ಬೀದಿಯಾಗಿದೆ. ಅದೇ ವರ್ಷ ಚಿತ್ತಪ್ರಸಾದನು ಮಿದ್ನಾಪುರ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಕಂಡುದನ್ನು ಬರೆದು, ಚಿತ್ರಿಸಿ, 'ಹಂಗ್ರಿ ಬೆಂಗಾಲ್' ಎಂಬ ಕಿರುಹೊತ್ತಿಗೆಯನ್ನು ಹೊರತಂದನು. ಸರಕಾರವು ಅದರ ಪ್ರತಿಗಳನ್ನು ಮುಟ್ಟುಗೋಲು ಹಾಕಿ ನಾಶಪಡಿಸಿತು. ಮಸಿಯ ಚಿತ್ರ ಕ್ಷುಲ್ಲಕವಾಗಿದ್ದರೆ ಒಂದು ಸಾಮ್ರಾಜ್ಯ ಅದಕ್ಕೆ ಅಂಜಬೇಕಾಗಿತ್ತೇಕೆ?

ಇದು ವರದಿಯೇ ಹೊರತು ಕಲೆಯಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಹಸಿದವನ ದೇಹದಲ್ಲಿ ಸೌಂದರ್ಯವನ್ನು ಹುಡುಕುವುದು ಕ್ರೌರ್ಯವೆಂದೂ ಹೇಳಬಹುದು. ಈ ಎರಡನೆಯ ಮಾತನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಆದರೆ ಈ ಕಲಾವಿದರು ಹಸಿವನ್ನು ಅಲಂಕರಿಸಲಿಲ್ಲ, ಅಲಂಕಾರವನ್ನೇ ಬಿಟ್ಟುಕೊಟ್ಟರು. ಸಾವಿನ ವೇಗಕ್ಕೆ ತೈಲವರ್ಣ ಒಣಗುವವರೆಗೆ ಕಾಯಲು ಬರುವಂತಿರಲಿಲ್ಲ. ಅವರ ಪ್ರಯೋಗ ಹುಟ್ಟಿದ್ದು ಈ ಅಗತ್ಯದಿಂದ, ಹೊಸತನದ ಚಪಲದಿಂದಲ್ಲ.

ಆದುದರಿಂದ ನಮ್ಮ ಕಾಲೇಜಿನಲ್ಲಿ ಚಿತ್ರಪ್ರದರ್ಶನ ನಡೆಯುವಾಗ ಮಸಿಯ ಚಿತ್ರಗಳಿಗೆ ಮೂಲೆಯ ಮೇಜಿನ ಬದಲು ಗೋಡೆಯ ಮೇಲೆ ಸಮಾನ ಸ್ಥಾನ ದೊರೆಯಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಬಣ್ಣಕ್ಕೆ ಹಣವಿಲ್ಲದ ವಿದ್ಯಾರ್ಥಿಯ ಬಳಿಯೂ ಒಂದು ಹಾಳೆ, ಒಂದು ದೌತಿ ಮಸಿ ಇರಬಲ್ಲದು. ಅವನು ಕಂಡುದನ್ನು ನಾವು ನಿಂತು ನೋಡೋಣ.